ಶರ್ಯತ್ತಿನ ಕುದುರೆಗಳ ಹಳೆಯ ಫೋಟೋ ಕೂಡಿಸಿದ್ದು: ನನ್ನ ಅನುಭವ

ಜಮಖಂಡಿ, ಮುಧೋಳ, ರಾಯಬಾಗ, ಅಥಣಿ ಕಡೆಯ ಕುದುರೆ ಗಾಡಿ ಶರ್ಯತ್ತಿನ (ಓಟದ ಪಂದ್ಯದ) ಹಳೆಯ ಫೋಟೋ, ಹ್ಯಾಂಡ್‌ಬಿಲ್ ಸೇರಿ ಈಗ ನನ್ನ ಹತ್ತಿರ ಸಾವಿರದ ಮೇಲಿವೆ. ಇಷ್ಟು ಯಾರ ಹತ್ತಿರವೂ ಇಲ್ಲ ಅಂತ ಧೈರ್ಯವಾಗಿ ಹೇಳುತ್ತೇನೆ. "ಆ ಕುದುರಿ ಸಾಕೋ ಮಂದಿ ಒಂದು ಫೋಟೋನೂ ಮನಿ ಬಿಟ್ಟು ಹೊರಗ ಕೊಡಂಗಿಲ್ಲ" ಅಂತ ಇದೇ ಕೆಲಸ ಮಾಡುವ ಗೆಳೆಯರು ಹೇಳಿದ್ದರು. ನಿಜ, ಕೊಡುವುದಿಲ್ಲ. ಅದಕ್ಕೇ ನಾನು ಕೇಳುವುದನ್ನೇ ಬಿಟ್ಟೆ.

ಮೊದಲು ಶರ್ಯತ್ತಿನ ವಾಟ್ಸಾಪ್ ಗ್ರೂಪುಗಳಲ್ಲಿ ಕೇಳಿ ನೋಡಿದ್ದೆ. ಬಂದದ್ದೆಲ್ಲ ಮೊನ್ನೆ ಮೊನ್ನೆಯ ರೀಲ್ಸ್. ಹಳೆಯದು ಬಂದರೂ ಗೋಡೆಯ ಫ್ರೇಮನ್ನು ಟ್ಯೂಬ್‌ಲೈಟ್ ಕೆಳಗೆ ತೆಗೆದದ್ದು, ಕುದುರೆಯ ಮುಖದ ಮೇಲೇ ಬೆಳಕಿನ ಪಟ್ಟಿ. ಆಮೇಲೆ ಕಲ್ಯಾಣ ಮಂಟಪ ಹಿಡಿದು, ಫೋಟೋ ತನ್ನಿ ಅಂತ ಕಾರ್ಯಕ್ರಮ ಇಟ್ಟೆ. ಬಾಡಿಗೆ, ಚಹಾ, ಚುರಮುರಿ ಸೇರಿ 8 ಸಾವಿರದಷ್ಟು ಹೋಯಿತು. ಏಳೆಂಟು ಜನ ಬಂದರು, ಬರಿಗೈಯಲ್ಲಿ. ಸಹಾಯಧನಕ್ಕೆ ಒಂದು ಕಚೇರಿಗೆ ಅರ್ಜಿ ಕೊಟ್ಟರೆ, ಇದು ಜೂಜಿನ ವಿಷಯ ಅಂತ ವಾಪಸ್ ಕಳಿಸಿದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ತಾವು ಉಣ್ಣುವ ಮೊದಲು ಕುದುರೆಗೆ ಹುರುಳಿ ಹಾಕುವ ಮನೆಗಳಿವು.

ಕೊನೆಗೆ ಫಲ ಕೊಟ್ಟದ್ದು ಲಾಯಕ್ಕೇ ಹೋಗುವುದು. ಸ್ಕ್ಯಾನರ್, ಲ್ಯಾಪ್‌ಟಾಪ್, ಸಣ್ಣ ಫೋಟೋ ಪ್ರಿಂಟರ್ ಬೈಕಿಗೆ ಕಟ್ಟಿಕೊಂಡು ಹೊರಟೆ. ಫೋಟೋ ಅವರ ಕಣ್ಣೆದುರೇ ಸ್ಕ್ಯಾನ್ ಆಗಬೇಕು, ಕಲೆ ತೆಗೆದು ಅಲ್ಲೇ ಪ್ರಿಂಟ್ ಕೈಗೆ ಕೊಡಬೇಕು. ಒಂದು ಪ್ರಿಂಟಿಗೆ 15-20 ರೂಪಾಯಿ ಬೀಳುತ್ತದೆ. ಆ ದುಡ್ಡು ಉಳಿಸಲು ಹೋಗಬೇಡಿ. ರಾಯಬಾಗ ಹತ್ತಿರ ಒಬ್ಬ ಅಜ್ಜಾರು ಮೊದಲು ಮಾತೇ ಆಡಲಿಲ್ಲ. ತಮ್ಮ ಬಿಳಿ ಕುದುರೆಯ ಪ್ರಿಂಟ್ ಕೈಗೆ ಬಂದ ಮೇಲೆ, "ತಡಿ ತಮ್ಮಾ, ಟ್ರಂಕಿನಾಗ ಇನ್ನೂ ಅದಾವ" ಅಂದರು. ಸಂಜೆ ಆದರೂ ಆ ಟ್ರಂಕು ಮುಗಿಯಲಿಲ್ಲ. ಇನ್ನು ಫ್ರೇಮಿನ ಗಾಜು ಬಿಚ್ಚದೆ ಹೊಳಪು ಬರದಂತೆ ತೆಗೆಯುವ ಉಪಾಯ ನನ್ನಲ್ಲೇ ಇರಲಿ. ಅದನ್ನು ಕಂಡುಕೊಳ್ಳಲು ಬಹಳ ದಿನ ಹಿಡಿದಿದೆ.

ನಿಜವಾದ ತಲೆನೋವು ಇಸವಿ. ಹ್ಯಾಂಡ್‌ಬಿಲ್ಲಿನಲ್ಲಿ ತಿಥಿ, ವಾರ, ಬಹುಮಾನ ಎಲ್ಲ ಇರುತ್ತದೆ, ಇಸವಿ ಮಾತ್ರ ಇರುವುದಿಲ್ಲ. ನಾನು ವಿಳಾಸ ನೋಡುತ್ತೇನೆ. ಜಮಖಂಡಿ ಸಂಸ್ಥಾನ ಅಂತ ಇದ್ದರೆ 1948ಕ್ಕೆ ಮೊದಲಿನದು. ಮುಂಬಯಿ ರಾಜ್ಯ ಅಂದರೆ 1956ಕ್ಕಿಂತ ಹಿಂದೆ, ಮೈಸೂರು ರಾಜ್ಯ ಅಂದರೆ 1973ಕ್ಕಿಂತ ಹಿಂದೆ. ಪಿನ್‌ಕೋಡ್ ಇದ್ದರೆ 1972ರ ಈಚೆಗಿನದು. ಜಮಖಂಡಿ ಊರಿನ ಕೆಳಗೆ "ಜಿ. ವಿಜಾಪುರ" ಅಂತಿದ್ದರೆ ಬಾಗಲಕೋಟೆ ಜಿಲ್ಲೆ ಆಗುವ ಮೊದಲು, ಅಂದರೆ 1997ಕ್ಕಿಂತ ಹಿಂದಿನದು. ಆದರೆ ಪ್ರೆಸ್ಸಿನವರು ಹಳೆಯ ಅಚ್ಚನ್ನೇ ಒಂದೆರಡು ವರ್ಷ ಎಳೆದಿರುತ್ತಾರೆ, ಅಷ್ಟು ಹಿಂದೆ ಮುಂದೆ ಇಟ್ಟುಕೊಳ್ಳಿ. ಹೀಗೆ ಸಿಕ್ಕ ಅವಧಿಯೊಳಗೆ ತಿಥಿ, ವಾರ ಎರಡೂ ಕೂಡುವ ವರ್ಷಗಳನ್ನು ಹಳೆಯ ಪಂಚಾಂಗದಲ್ಲಿ ಹುಡುಕಿದರೆ ಕೆಲವೇ ಇಸವಿ ಉಳಿಯುತ್ತವೆ. ಒಂದು ಕುದುರೆ, ಒಂದು ಎತ್ತು ಜೋಡಿಸಿದ ಗಾಡಿಯ ಫೋಟೋ ನನ್ನಲ್ಲಿ ಬಹಳ ಇವೆ. 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿನ ಓಟ ನಿಲ್ಲಿಸಿತಲ್ವಾ, ಅಂಥವುಗಳಲ್ಲಿ ಹೆಚ್ಚಿನವು ಅದಕ್ಕೆ ಹಿಂದಿನವು.

ನಡುವೆ ನಾಲದ (ಕುದುರೆ ಗೊರಸಿನ ಲಾಳದ) ಹುಚ್ಚು ಹಿಡಿಯಿತು. ಮನೆ ಬಾಗಿಲಿಗೆ ಹೊಡೆದ ಹಳೆಯ ನಾಲಗಳ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದೆ. ತಟ್ಟು (ಗಿಡ್ಡ ಕುದುರೆ) ಯಾವುದು, ದೊಡ್ಡ ಕುದುರೆ ಯಾವುದು ಅಂತ ಗಾತ್ರದಿಂದ ತಿಳಿಯಬಹುದು ಅನ್ನುವುದು ನನ್ನ ಲೆಕ್ಕ. ನಾಲ ಹೊಡೆಯುವ ನಾಲಬಂದ ಕಾಕಾ ಒಬ್ಬರು ಬರೀ ಅಚ್ಚು ನೋಡಿ, ಇದು ಮುಂಗಾಲಿಂದು, ಇದು ಹಿಂಗಾಲಿಂದು ಅಂತ ಬೇರೆ ಮಾಡಿಟ್ಟರು. ಅವರು ಮಾತಾಡಿದ್ದನ್ನು ಪೂರ್ತಿ ರೆಕಾರ್ಡ್ ಮಾಡಿದ್ದೇನೆ. ಗೆಜ್ಜೆ ಸದ್ದನ್ನೂ ಹಿಡಿಯಲು ನೋಡಿದೆ. ಬರೀ ಗಾಳಿ ಬಂತು.

ಹೆಸರು ಗೊತ್ತಾಗದ ಫೋಟೋಗಳನ್ನು ಫ್ಲೆಕ್ಸ್ ಮಾಡಿಸಿ, ನಂಬರ್ ಹಾಕಿ, ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಕಟ್ಟಿದೆ. ಚದರ ಅಡಿಗೆ 12-15 ರೂಪಾಯಿ. ಮಹಾರಾಷ್ಟ್ರದಿಂದ ಅಲ್ಲಿಗೆ ಎಷ್ಟು ಮಂದಿ ಬರುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ. ನಮ್ಮ ಊರಲ್ಲಿ ಯಾರೂ ಗುರುತಿಸದ ಕುದುರೆಗಳನ್ನು ಸಾಂಗ್ಲಿ ಕಡೆಯವರು ಹೆಸರು ಹಿಡಿದು ಕರೆದರು. ಗಾಡಿ ಹೊಡೆದವನ ಹೆಸರು ಮರೆತಿದ್ದರು, ಕುದುರೆಯ ಹೆಸರು ಮರೆತಿರಲಿಲ್ಲ. ಅರ್ಧದಷ್ಟು ಫೋಟೋಗಳಿಗೆ ಅಲ್ಲೇ ಹೆಸರು ಸಿಕ್ಕವು.

ಪೆಟ್ರೋಲ್ ಸೇರಿ ಇಲ್ಲಿಯವರೆಗೆ 45 ಸಾವಿರದ ಹತ್ತಿರ ಖರ್ಚಾಗಿರಬೇಕು, ಎಲ್ಲ ಕೈಯಿಂದಲೇ. ಮುಂದಿನದು ವಿಜಯಪುರದ ಟಾಂಗಾ ಮನೆಗಳು. ಗೋಳಗುಮ್ಮಟದ ಮುಂದೆ ಶಾಲೆಯ ಟ್ರಿಪ್ಪಿನಲ್ಲಿ ತೆಗೆಸಿದ ಫೋಟೋ ನಿಮ್ಮ ಆಲ್ಬಮ್ಮಿನಲ್ಲೂ ಇರಬಹುದು. ಹಿಂದೆ ಟಾಂಗಾ ನಿಂತಿದ್ದರೆ ಎತ್ತಿಡಿ, ನಾನೇ ಮನೆಗೆ ಬಂದು ಸ್ಕ್ಯಾನ್ ಮಾಡಿಕೊಳ್ಳುತ್ತೇನೆ.