ಕಾರ್ಡ್ ಮಾಡಿಸಿದೆವು, ಆಸ್ಪತ್ರೆ ಇನ್ನೂ ಕೇಳುತ್ತಿದ್ದೇವೆ

ಉತ್ತರ ಕನ್ನಡಕ್ಕೆ ಸುಸಜ್ಜಿತ ಆಸ್ಪತ್ರೆ ಬೇಕು ಅನ್ನುವ ಕೂಗು ಹಳೆಯದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಪಕ್ಕದ ಉಡುಪಿ ಜಿಲ್ಲೆಯ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತ ಮೇಲೆ ಜನ ಬೀದಿಗೇ ಇಳಿದರು. ಕುಮಟಾ ಕಡೆಯ ನಾವು ಕೆಲವರೂ ಅದರಲ್ಲಿದ್ದೆವು.

ಆಸ್ಪತ್ರೆ ಬರುವವರೆಗೆ ಸುಮ್ನೆ ಕೂರುವುದು ಹೇಗೆ? ಸರ್ಕಾರದ ಆರೋಗ್ಯ ಯೋಜನೆಯ ಆಯುಷ್ಮಾನ್ ಕಾರ್ಡ್ ಮಾಡಿಸಲು ಕೇರಿಗಳಿಗೆ ಹೋದೆವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ ಅನ್ನುವುದು ಹೆಚ್ಚಿನವರಿಗೆ ಗೊತ್ತಿತ್ತು. ಎಪಿಎಲ್‌ನವರಿಗೂ ವೆಚ್ಚದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ ಸಿಗುತ್ತದೆ ಅಂದಾಗ ಅಚ್ಚರಿಪಟ್ಟವರೇ ಜಾಸ್ತಿ.

ತೊಡಕು ಇರುವುದು ರೆಫರಲ್ ಚೀಟಿಯಲ್ಲಿ, ಅಂದರೆ ಸರ್ಕಾರಿ ಆಸ್ಪತ್ರೆಯವರು ಬೇರೆ ಆಸ್ಪತ್ರೆಗೆ ಕಳಿಸುವಾಗ ಬರೆದುಕೊಡುವ ಚೀಟಿಯಲ್ಲಿ. ಒಂದು ಮನೆಯವರು ಹೃದಯದ ಆಪರೇಷನ್‌ಗೆ ನೇರ ಖಾಸಗಿ ಆಸ್ಪತ್ರೆಗೆ ಹೋಗಿದ್ದರು. ಸರ್ಕಾರಿ ಆಸ್ಪತ್ರೆಯ ಚೀಟಿ ಇಲ್ಲ ಎಂದು ಕಾರ್ಡ್ ನಡೆಯಲಿಲ್ಲ. ಬಂಗಾರ ಅಡವಿಟ್ಟರು. ಅದನ್ನು ನೋಡಿದ ಮೇಲೆ ನಾವು ರೇಷನ್ ಅಂಗಡಿಗಳ ಗೋಡೆಗೆ ದೊಡ್ಡ ಅಕ್ಷರದ ಹಾಳೆ ಅಂಟಿಸಿದೆವು: ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಚೀಟಿ ತಗೊಳ್ಳಿ. ತುರ್ತು ಇದ್ದರೆ ಚೀಟಿಗೆ ಕಾಯಬೇಡಿ, ಯೋಜನೆಯಲ್ಲಿರುವ ಆಸ್ಪತ್ರೆಗೆ ನೇರ ಹೋಗಿ ಆರೋಗ್ಯಮಿತ್ರರನ್ನು (ಯೋಜನೆಯ ಸಹಾಯಕ್ಕೆ ಅಲ್ಲಿರುವ ಸಿಬ್ಬಂದಿ) ಕೇಳಿ.

ಗ್ರಾಮಸಭೆಯಲ್ಲಿ 'ಆಸ್ಪತ್ರೆ ಬೇಕು' ಅಂದರೆ ಚಪ್ಪಾಳೆ ಬೀಳುತ್ತದೆ, ಅಷ್ಟೇ. ಹಾಗಾಗಿ ಒಂದು ಸಭೆಗೆ ಒಂದೇ ಸಣ್ಣ ಬೇಡಿಕೆ ಇಟ್ಟೆವು. ರಾತ್ರಿ ಡಾಕ್ಟರ್ ಇರಬೇಕು, ಅಥವಾ 108 ವಾಹನ ಹತ್ತಿರ ನಿಲ್ಲಬೇಕು. ಠರಾವು ಬರೆಸಿ, ಅಲ್ಲೇ ಪ್ರತಿ ಪಡೆದು, ತಾಲ್ಲೂಕು ಆರೋಗ್ಯಾಧಿಕಾರಿಗೆ ಕೊಟ್ಟು ಸ್ವೀಕೃತಿ ಸಹಿ ಹಾಕಿಸಿಕೊಳ್ಳುತ್ತಿದ್ದೆವು. ಉತ್ತರ ಬಾರದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. 30 ದಿನದೊಳಗೆ ಏನಾದರೂ ಬರೆದು ಕೊಡಲೇಬೇಕಲ್ವಾ? ಮೈಕಿನ ಮುಂದೆ ಕೂಗಿದ್ದಕ್ಕಿಂತ ಈ ಕಾಗದಗಳೇ ನಮಗೆ ಹೆಚ್ಚು ಕೆಲಸ ಮಾಡಿಕೊಟ್ಟಿವೆ.

'ಕಾರ್ಡ್ ಇದೆಯಲ್ಲ, ಇನ್ನೇನು ಬೇಕು' ಎಂದು ಕೇಳುವವರಿದ್ದಾರೆ. ಕಾರ್ಡ್ ಆಸ್ಪತ್ರೆಯ ಬಿಲ್ ಕಟ್ಟುತ್ತದೆ. ಮಣಿಪಾಲ, ಮಂಗಳೂರಿಗೆ ಹೋಗುವ ಗಾಡಿ ಬಾಡಿಗೆ, ಜೊತೆಗಿದ್ದವರ ರೂಮು, ಊಟ, ಮೀನುಗಾರಿಕೆ ಬೋಟಿಗೆ ಹೋಗದೆ ತಪ್ಪಿದ ದುಡಿಮೆ ಎಲ್ಲವೂ ಮನೆಯವರ ಮೇಲೆಯೇ. ಶಿರಸಿಯವರಿಗೆ ಹುಬ್ಬಳ್ಳಿ ಸುಮಾರು 100 ಕಿಲೋಮೀಟರ್. ಈ ಖರ್ಚಿಗೆ ಹೆದರಿ ಚಿಕಿತ್ಸೆಯನ್ನೇ ಬಿಟ್ಟವರನ್ನು ನಾನು ಕಂಡಿದ್ದೇನೆ. ಅದಕ್ಕೇ ಆ ಸಣ್ಣ ಬೇಡಿಕೆಯ ಜೊತೆಗೆ ಜಿಲ್ಲೆಯೊಳಗೇ ಆಸ್ಪತ್ರೆ ಬೇಕು ಅನ್ನುವ ಠರಾವನ್ನು ಈಗಲೂ ಪ್ರತಿ ಗ್ರಾಮಸಭೆಯಲ್ಲಿ ಬರೆಸುತ್ತಿದ್ದೇವೆ.