ಒಂದೇ ಗಂಟಿನಲ್ಲಿ ಮೂರು ಯಂತ್ರಗಳ ಚುಕ್ಕಿ ಕಡತಗಳು

ನಾನು ನಿತ್ಯ ಬಳಸುವ ಯಂತ್ರಗಳು ಮೂರು: ಮನೆಯ ಡೆಸ್ಕ್‌ಟಾಪ್, ಕಚೇರಿಯ ಲ್ಯಾಪ್‌ಟಾಪ್, ಮತ್ತು ತಿಂಗಳ ಬಾಡಿಗೆಗೆ ಪಡೆದಿರುವ ಒಂದು ಪುಟ್ಟ ಸರ್ವರ್. ಮೂರರಲ್ಲೂ ಲಿನಕ್ಸ್ ಇದೆ. ಆದೇಶಗಳನ್ನು ಓಡಿಸುವ ಬ್ಯಾಶ್, ಪಠ್ಯ ತಿದ್ದುವ ವಿಮ್, ಒಂದೇ ಟರ್ಮಿನಲ್ಲನ್ನು ಹಲವಾಗಿಸುವ ಟಿಮಕ್ಸ್, ಕಡತಗಳ ಹಳೆಯ ಪ್ರತಿಗಳನ್ನು ಕಾಯುವ ಗಿಟ್ ಮತ್ತು ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಒಯ್ಯುವ ಎಸ್‌ಎಸ್‌ಎಚ್‌ಗಳ ಕಾನ್ಫಿಗ್ ಕಡತಗಳನ್ನು (ಇವುಗಳ ಹೆಸರು ಸಾಮಾನ್ಯವಾಗಿ ಚುಕ್ಕಿಯಿಂದ ಶುರುವಾಗುವುದರಿಂದ ಇವು ಚುಕ್ಕಿ ಕಡತಗಳು) ಹಲವು ವರ್ಷಗಳಿಂದ ನನ್ನ ಕೈಗೆ ಒಗ್ಗುವಂತೆ ತಿದ್ದಿಕೊಳ್ಳುತ್ತ ಬಂದಿದ್ದೇನೆ. ಆದರೆ ಭಾನುವಾರ ಮನೆಯಲ್ಲಿ ಬರೆದ ಅಲಿಯಾಸ್ (ಉದ್ದದ ಆದೇಶಕ್ಕೆ ಇಟ್ಟ ಗಿಡ್ಡ ಹೆಸರು) ಸೋಮವಾರ ಕಚೇರಿಯಲ್ಲಿ ಸಿಗುತ್ತಿರಲಿಲ್ಲ. ಕಚೇರಿಯಲ್ಲಿ ವಿಮ್‌ಗೆ ಹೇಳಿಕೊಟ್ಟ ಕೀಲಿ ಸರ್ವರ್‌ನಲ್ಲಿ ಬೇರೆಯೇ ಕೆಲಸ ಮಾಡುತ್ತಿತ್ತು. ಈ ಕಡತಗಳನ್ನು ಮೂರೂ ಕಡೆ ಒಂದೇ ಸ್ಥಿತಿಯಲ್ಲಿಡಲು ನಾನು ಹಿಡಿದ ದಾರಿಯನ್ನೂ, ಆ ದಾರಿಯಲ್ಲಿ ಎಡವಿದ ಜಾಗಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಆರಂಭದಲ್ಲಿ ನೆಚ್ಚಿಕೊಂಡದ್ದು ಆರ್‌ಸಿಂಕ್ ಅನ್ನು. 1996ರಲ್ಲಿ ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ ಹೊರತಂದ ಈ ಸಾಧನ, ಕಡತದಲ್ಲಿ ಬದಲಾದ ಭಾಗವನ್ನಷ್ಟೇ ಜಾಲದ ಮೂಲಕ ಕಳುಹಿಸುವುದರಲ್ಲಿ ಬಲು ಜಾಣ. ಆದರೆ ಮೂಲ ಯಾವುದು, ಗುರಿ ಯಾವುದು ಎಂದು ಅದಕ್ಕೆ ನಾವೇ ಹೇಳಬೇಕು, ಮತ್ತು ನಾವು ಹೇಳಿದ್ದನ್ನು ಅದು ಪ್ರಶ್ನಿಸುವುದಿಲ್ಲ. ಒಂದು ರಾತ್ರಿ ನಿದ್ದೆಗಣ್ಣಿನಲ್ಲಿ ಆ ಎರಡನ್ನು ಅದಲುಬದಲು ಮಾಡಿ, ಮೂಲದಲ್ಲಿಲ್ಲದ್ದನ್ನು ಗುರಿಯಲ್ಲೂ ಅಳಿಸುವ 'ಡಿಲೀಟ್' ಆಯ್ಕೆಯನ್ನೂ ಸೇರಿಸಿ ಓಡಿಸಿಬಿಟ್ಟೆ. ಮೂರು ವಾರಗಳಿಂದ ಕೂಡಿಸಿದ್ದ ವಿಮ್ ತುಣುಕುಗಳು ಕಣ್ಣೆದುರೇ ಹೋದವು. ನಕಲು ಎಷ್ಟು ಬೇಗ ಆದರೇನು, ಹಿಂದಿನ ಪ್ರತಿ ಎಲ್ಲೂ ಉಳಿದಿರಲಿಲ್ಲ.

ಹಿಂದಿನ ಪ್ರತಿಗಳನ್ನು ಕಾಯ್ದಿಡಲು ಗಿಟ್ ಇದ್ದೇ ಇತ್ತು. ತಮ್ಮ ಕಡತಗಳೆಲ್ಲ ಇರುವ ಇಡೀ ಹೋಮ್ ಫೋಲ್ಡರನ್ನೇ ಗಿಟ್ ರೆಪೊ, ಅಂದರೆ ಗಿಟ್ ಇತಿಹಾಸ ಕಾಯುವ ಉಗ್ರಾಣ, ಮಾಡಿಕೊಳ್ಳುವವರಿದ್ದಾರೆ. ನನಗೆ ಆ ಧೈರ್ಯವಿಲ್ಲ. ಹಾಗೆ ಮಾಡಿದರೆ ಹೋಮ್‌ನೊಳಗಿನ ಯಾವ ಫೋಲ್ಡರ್‌ನಲ್ಲಿ ನಿಂತರೂ ಗಿಟ್ ಅದನ್ನು ಅದೇ ರೆಪೊದ ಭಾಗವೆಂದು ತಿಳಿಯುತ್ತದೆ, ರೆಪೊಗೆ ಸೇರಿಸದ ಕಡತಗಳನ್ನು ಅಳಿಸುವ 'ಗಿಟ್ ಕ್ಲೀನ್' ಆದೇಶವನ್ನು ಜಾಗ ಮರೆತು ಬಲವಂತವಾಗಿ ಕೊಟ್ಟರೆ ಅದು ಮನೆಯನ್ನೇ ಗುಡಿಸಿಹಾಕಬಲ್ಲದು. ಬೇರ್ ರೆಪೊ (ಕಡತಗಳ ಪ್ರತಿಯಿಲ್ಲದೆ ಬರೀ ಇತಿಹಾಸವಿರುವ ರೆಪೊ) ಇಟ್ಟುಕೊಂಡು ಅಲಿಯಾಸ್ ಮೂಲಕ ನಡೆಸುವ ಕ್ರಮವನ್ನೂ ಒಂದು ವಾರ ನೋಡಿ ಬಿಟ್ಟೆ. ಕೊನೆಗೆ ಕೈಹಿಡಿದದ್ದು ಗ್ನೂ ಸ್ಟೋ.

ಬಾಬ್ ಗ್ಲಿಕ್‌ಸ್ಟೈನ್ 1993ರಲ್ಲಿ ಪರ್ಲ್ ಭಾಷೆಯಲ್ಲಿ ಬರೆದ ಸ್ಟೋ ಹುಟ್ಟಿದ್ದು ಬೇರೆಯೇ ಉದ್ದೇಶಕ್ಕೆ: ಮೂಲ ಕೋಡ್‌ನಿಂದ ಕಟ್ಟಿಕೊಂಡ ತಂತ್ರಾಂಶಗಳನ್ನು ಒಂದೊಂದು ಪ್ರತ್ಯೇಕ ಫೋಲ್ಡರ್‌ನಲ್ಲಿಟ್ಟು, ಬಳಕೆಯ ಜಾಗದಲ್ಲಿ ನಿಜವಾದ ಕಡತದತ್ತ ಬೆರಳು ತೋರುವ ಸಾಂಕೇತಿಕ ಲಿಂಕ್‌ಗಳನ್ನಷ್ಟೇ ಹಾಕುವುದು. ಅದೇ ತಂತ್ರ ಕಾನ್ಫಿಗ್ ಕಡತಗಳಿಗೂ ಒಪ್ಪುತ್ತದೆ. ನನ್ನ ಹೋಮ್‌ನಲ್ಲಿ 'ಡಾಟ್‌ಫೈಲ್ಸ್' ಎಂಬ ಫೋಲ್ಡರ್ ಇದೆ. ಅದೇ ಗಿಟ್ ರೆಪೊ. ಅದರೊಳಗೆ ಒಂದೊಂದು ಸಾಧನಕ್ಕೆ ಒಂದೊಂದು ಉಪಫೋಲ್ಡರ್, ಮತ್ತು ಪ್ರತಿಯೊಂದರೊಳಗೂ ಕಡತಗಳು ಹೋಮ್‌ನಲ್ಲಿ ಎಲ್ಲಿರಬೇಕೋ ಅದೇ ಜೋಡಣೆಯಲ್ಲಿ ಇವೆ. ಡಾಟ್‌ಫೈಲ್ಸ್‌ನಲ್ಲಿ ನಿಂತು 'ಸ್ಟೋ ವಿಮ್' ಎಂದರೆ, ಬೇರೆ ಗುರಿ ಹೇಳದಿರುವುದರಿಂದ, ಒಂದು ಮೆಟ್ಟಿಲು ಮೇಲಿರುವ ಹೋಮ್‌ನಲ್ಲೇ ಲಿಂಕ್‌ಗಳು ಏಳುತ್ತವೆ. ಆ ಜಾಗದಲ್ಲಿ ಈಗಾಗಲೇ ನಿಜವಾದ ಕಡತ ಕುಳಿತಿದ್ದರೆ ಸ್ಟೋ ದೂರು ಹೇಳಿ, ಏನನ್ನೂ ಮುಟ್ಟದೆ ಹಿಂದೆ ಸರಿಯುತ್ತದೆ. ಆರ್‌ಸಿಂಕ್‌ನಿಂದ ಪೆಟ್ಟು ತಿಂದವನಿಗೆ ಈ ಸಂಕೋಚ ಬಹಳ ಹಿಡಿಸಿತು.

ಚುಕ್ಕಿಯಿಂದ ಶುರುವಾಗುವ ಕಡತಗಳು ಪಟ್ಟಿಯಲ್ಲಿ ಕಾಣದಿರುವುದು ಯಾರೂ ಯೋಚಿಸಿ ಮಾಡಿದ ವ್ಯವಸ್ಥೆಯಲ್ಲ ಎಂದು, ಬೆಲ್ ಲ್ಯಾಬ್ಸ್‌ನ ಯುನಿಕ್ಸ್ ತಂಡದಲ್ಲಿದ್ದ ರಾಬ್ ಪೈಕ್ 2012ರಲ್ಲಿ ಬರೆದಿದ್ದರು. ಒಂದು ಚುಕ್ಕಿ (ಇದೇ ಫೋಲ್ಡರ್), ಎರಡು ಚುಕ್ಕಿ (ಮೇಲಿನ ಫೋಲ್ಡರ್) ಎಂಬ ಎರಡು ವಿಶೇಷ ನಮೂದುಗಳನ್ನು ಪಟ್ಟಿಯಿಂದ ಬಿಟ್ಟುಬಿಡಲು, ಲಿನಕ್ಸ್‌ನ ಪೂರ್ವಜ ಯುನಿಕ್ಸ್‌ನ ಆರಂಭದ ದಿನಗಳಲ್ಲಿ ಹೆಸರಿನ ಮೊದಲ ಅಕ್ಷರ ಚುಕ್ಕಿಯೇ ಎಂದಷ್ಟೇ ನೋಡಿದ ಅಡ್ಡದಾರಿಯ ಫಲ ಅದು. ಆ ಅಡ್ಡದಾರಿ ನನ್ನ ರೆಪೊದಲ್ಲೂ ಕಡತಗಳನ್ನು ಮರೆಮಾಡುತ್ತಿತ್ತು. ಹಾಗಾಗಿ ಚುಕ್ಕಿಯ ಬದಲು ಹೆಸರಿನ ಮೊದಲಿಗೆ 'ಡಾಟ್' ಪದ ಮತ್ತು ಅಡ್ಡಗೆರೆ ಇಟ್ಟು, ಲಿಂಕ್ ಹಾಕುವಾಗ ಅದನ್ನು ಚುಕ್ಕಿಯಾಗಿಸುವ ಸ್ಟೋದ ಆಯ್ಕೆಯನ್ನು ಬಳಸುತ್ತೇನೆ. ಫೋಲ್ಡರ್‌ಗಳ ವಿಷಯದಲ್ಲಿ ಈ ಆಯ್ಕೆ ಮೊದಲು ಕೈಕೊಡುತ್ತಿತ್ತು, 2024ರ 2.4 ಆವೃತ್ತಿಯಿಂದ ಸರಿಯಾಗಿದೆ.

ಸ್ಟೋದ ಒಂದು ಗುಣ ಮಾತ್ರ ನನ್ನ ಎದೆ ಝಲ್ಲೆನಿಸಿತ್ತು. ಗುರಿಯಲ್ಲಿ ಆ ಹೆಸರಿನ ಫೋಲ್ಡರ್ ಇಲ್ಲದಿದ್ದರೆ, ಒಳಗಿನ ಕಡತಗಳಿಗೆ ಒಂದೊಂದಾಗಿ ಲಿಂಕ್ ಹಾಕುವ ಬದಲು ಅದು ಇಡೀ ಫೋಲ್ಡರ್‌ಗೇ ಒಂದು ಲಿಂಕ್ ಹಾಕಿ ಮುಗಿಸುತ್ತದೆ. ಇದಕ್ಕೆ ಫೋಲ್ಡಿಂಗ್ ಎನ್ನುತ್ತಾರೆ. ಹೊಸ ಲ್ಯಾಪ್‌ಟಾಪ್ ಬಂದ ದಿನ ಅದರಲ್ಲಿ ಎಸ್‌ಎಸ್‌ಎಚ್ ಫೋಲ್ಡರ್ ಇನ್ನೂ ಹುಟ್ಟಿರಲಿಲ್ಲ. ನಾನು 'ಸ್ಟೋ ಎಸ್‌ಎಸ್‌ಎಚ್' ಎಂದೆ, ಬಳಿಕ ಲಾಗಿನ್‌ಗೆ ಬೇಕಾದ ಖಾಸಗಿ ಮತ್ತು ಸಾರ್ವಜನಿಕ ಕೀಲಿಗಳ ಹೊಸ ಜೋಡಿಯನ್ನು ಸೃಷ್ಟಿಸಿದೆ. ಫೋಲ್ಡರೇ ಲಿಂಕ್ ಆಗಿದ್ದರಿಂದ ಖಾಸಗಿ ಕೀಲಿ ನೇರವಾಗಿ ರೆಪೊದೊಳಗೆ ಹೋಗಿ ಕುಳಿತಿತು, ಮತ್ತು ಸಂಜೆ ಎಲ್ಲವನ್ನೂ ಒಟ್ಟಿಗೆ ಸೇರಿಸಿ ನಾನು ಮಾಡಿದ ಕಮಿಟ್‌ನಲ್ಲಿ (ಗಿಟ್‌ನ ಇತಿಹಾಸಕ್ಕೆ ಸೇರುವ ದಾಖಲೆ) ಅದೂ ಸೇರಿತು. ಕಮಿಟ್‌ಗಳನ್ನು ಹೊರಗೆ ಕಳುಹಿಸುವ ಪುಶ್ ಮಾಡುವ ಮುನ್ನ ಕಡತಗಳ ಪಟ್ಟಿಯನ್ನು ಓದುವ ಅಭ್ಯಾಸವಿದ್ದದ್ದರಿಂದ ಕೀಲಿ ಹೊರಗೆ ಹೋಗಲಿಲ್ಲ. ಹಾಗಿದ್ದರೂ ಆ ಕಮಿಟನ್ನು ರದ್ದುಮಾಡಿ, ಕೀಲಿಯನ್ನು ಬಿಸಾಡಿ, ಹೊಸದನ್ನು ಮಾಡಿಕೊಂಡೆ. ಅಂದಿನಿಂದ 'ನೋ ಫೋಲ್ಡಿಂಗ್' ಆಯ್ಕೆಯನ್ನು ಸ್ಟೋ ತಾನಾಗಿ ಓದುವ ಆರ್‌ಸಿ (ಕಾನ್ಫಿಗ್) ಕಡತದಲ್ಲೇ ಬರೆದಿಟ್ಟಿದ್ದೇನೆ. ಜೊತೆಗೆ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಗಿಟ್ ಕಡತದ ಅನುಮತಿಗಳ ಪೈಕಿ ಓಡಿಸುವ ಅನುಮತಿಯನ್ನಷ್ಟೇ ನೆನಪಿಡುತ್ತದೆ. ಎಸ್‌ಎಸ್‌ಎಚ್ ಕಾನ್ಫಿಗ್‌ಗೆ 600 ಅನುಮತಿಯನ್ನು (ಒಡೆಯ ಮಾತ್ರ ಓದಿ ಬರೆಯಬಹುದು) ಪ್ರತಿ ಯಂತ್ರದಲ್ಲೂ ನನ್ನ ಸ್ಕ್ರಿಪ್ಟೇ ಹಚ್ಚುತ್ತದೆ.

'ಅಡಾಪ್ಟ್' ಎಂಬ ಆಯ್ಕೆಯನ್ನೂ ಎಚ್ಚರದಿಂದ ಬಳಸಬೇಕು. ಗುರಿಯಲ್ಲಿ ಕುಳಿತಿರುವ ಕಡತವನ್ನು ಅದು ರೆಪೊದೊಳಗೆ ತಂದು, ಅಲ್ಲಿದ್ದುದರ ಮೇಲೆಯೇ ಇಟ್ಟು, ನಂತರ ಲಿಂಕ್ ಹಾಕುತ್ತದೆ. ಕೆಲಸ ಸ್ವಚ್ಛವಾಗಿ ಕಮಿಟ್ ಆಗಿದ್ದರೆ ಇದು ಅನುಕೂಲವೇ: ಗಿಟ್ ಡಿಫ್‌ನಲ್ಲಿ ಎರಡು ಯಂತ್ರಗಳ ವ್ಯತ್ಯಾಸ ಸಾಲುಸಾಲಾಗಿ ಕಾಣುತ್ತದೆ, ಬೇಕಾದ್ದನ್ನು ಉಳಿಸಿಕೊಂಡು ಮಿಕ್ಕದ್ದನ್ನು ಹಿಂದಕ್ಕೆ ತಿರುಗಿಸಬಹುದು. ಕಮಿಟ್ ಆಗದ ಬದಲಾವಣೆ ಇದ್ದರೆ ಅದು ಹೋದಂತೆಯೇ ಲೆಕ್ಕ.

ಮೂರು ಯಂತ್ರಗಳು ಎಲ್ಲದರಲ್ಲೂ ಒಂದೇ ಆಗಿರಬೇಕೆಂಬ ಹಟವನ್ನು ನಾನು ಬೇಗನೆ ಬಿಟ್ಟೆ. ಬ್ಯಾಶ್ ಕಡತದ ಕೊನೆಯಲ್ಲಿ, 'ಲೋಕಲ್' ಎಂಬ ಹೆಸರಿನ ಕಡತವೊಂದು ಇದ್ದರೆ ಅದನ್ನೂ ಓದು ಎಂಬ ಒಂದು ಸಾಲಿದೆ. ಆ ಕಡತ ರೆಪೊಗೆ ಎಂದೂ ಬರುವುದಿಲ್ಲ, ಕಚೇರಿಯ ಟೋಕನ್‌ಗಳಂಥ (ಪಾಸ್‌ವರ್ಡ್‌ನಂಥ ಗುಟ್ಟಿನ ಸಂಕೇತಗಳು) ಸಂಗತಿಗಳು ಅಲ್ಲೇ ಇರುತ್ತವೆ. ಗಿಟ್‌ನ 2.13ನೇ ಆವೃತ್ತಿಯಿಂದ ಷರತ್ತಿನ ಮೇಲೆ ಇನ್ನೊಂದು ಕಾನ್ಫಿಗ್ ಕಡತವನ್ನು ಸೇರಿಸುವ ಸೌಲಭ್ಯವಿರುವುದರಿಂದ, ಕೆಲಸದ ಫೋಲ್ಡರ್‌ನೊಳಗೆ ಕಚೇರಿಯ ಇಮೇಲ್, ಉಳಿದೆಡೆ ನನ್ನ ಸ್ವಂತದ್ದು ತಾನಾಗಿ ಬರುತ್ತದೆ. ಯಂತ್ರಗಳ ನಡುವಿನ ಇಂಥ ವ್ಯತ್ಯಾಸಗಳು ಹೆಚ್ಚಾಗಿರುವವರಿಗೆ ಯಂತ್ರಕ್ಕೆ ತಕ್ಕಂತೆ ಬದಲಾಗುವ ಟೆಂಪ್ಲೇಟ್ ಬರೆಯಲು ಬಿಡುವ ಶೇಮ್ವಾ (chezmoi) ಎಂಬ ಸಾಧನ ಮೇಲೆನಿಸಬಹುದು. ನನ್ನ ನಾಲ್ಕಾರು ಸಾಲುಗಳಿಗೆ ಅಷ್ಟು ದೊಡ್ಡ ಸಜ್ಜು ಬೇಡವಾಯಿತು.

ಸ್ಟೋಗೆ ಬಗ್ಗದೆ ಉಳಿದದ್ದು ಕನ್ನಡ ಟೈಪಿಂಗ್‌ನ ಏರ್ಪಾಡು. ಗ್ನೋಮ್ ಎಂಬ ಡೆಸ್ಕ್‌ಟಾಪ್ ಪರಿಸರದಲ್ಲಿ, ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ಐಬಸ್ ಮೂಲಕ, ಕೆಜಿಪಿ ಎಂಬ ಕನ್ನಡ ಕೀಲಿಮಣೆ ವಿನ್ಯಾಸವನ್ನು ಬಳಸುತ್ತೇನೆ. ಈ ಆಯ್ಕೆ ಪಠ್ಯ ಕಡತದಲ್ಲಿರದೆ ಡೀಕಾನ್ಫ್ ಎಂಬ ಬೈನರಿ ಕೋಶದಲ್ಲಿ, ಪರದೆಯ ಹಿನ್ನೆಲೆಚಿತ್ರ, ಕಿಟಕಿಯ ಅಳತೆಗಳ ಜೊತೆಗೆ ಸೇರಿಹೋಗಿರುತ್ತದೆ; ಆ ಕೋಶಕ್ಕೇ ಲಿಂಕ್ ಹಾಕಿದರೆ ಒಂದು ಯಂತ್ರದ ಇಡೀ ಸಂಸಾರ ಇನ್ನೊಂದರ ಮೇಲೆ ಬೀಳುತ್ತದೆ. ಆದ್ದರಿಂದ ಕೀಲಿಮಣೆಗೆ ಸಂಬಂಧಿಸಿದ ಕವಲನ್ನು ಮಾತ್ರ 'ಡೀಕಾನ್ಫ್ ಡಂಪ್' ಮೂಲಕ ಪಠ್ಯವಾಗಿ ತೆಗೆದು ರೆಪೊದಲ್ಲಿಡುತ್ತೇನೆ, ಹೊಸ ಯಂತ್ರದಲ್ಲಿ 'ಡೀಕಾನ್ಫ್ ಲೋಡ್' ಮೂಲಕ ತುಂಬುತ್ತೇನೆ. ಕನ್ನಡಕ್ಕೆ ಯಾವ ಫಾಂಟ್ ಮೊದಲು ಬರಬೇಕು ಎಂದು ಹೇಳುವ ಫಾಂಟ್‌ಕಾನ್ಫಿಗ್ ಕಡತ ಮಾತ್ರ ಸಾದಾ ಎಕ್ಸ್‌ಎಂಎಲ್. ಅದು ಸ್ಟೋದೊಂದಿಗೆ ಸುಖವಾಗಿದೆ.

ಈಚೆಗೆ ಸಿಕ್ಕಿಬಿದ್ದ ತಪ್ಪೊಂದಿದೆ. ಪಠ್ಯವನ್ನು ಆದೇಶದಿಂದಲೇ ತಿದ್ದುವ ಸೆಡ್ ಎಂಬ ಸಾಧನದಿಂದ ಬ್ಯಾಶ್ ಕಡತದ ಒಂದು ಸಾಲನ್ನು ಅಲ್ಲಲ್ಲೇ ತಿದ್ದಿದ್ದೆ. ಸೆಡ್ ಹೊಸ ಕಡತವನ್ನು ಬರೆದು ಹಳೆಯದರ ಹೆಸರಿನಲ್ಲಿ ಕೂರಿಸುತ್ತದೆ. ಲಿಂಕ್‌ಗಳನ್ನು ಹಿಂಬಾಲಿಸು ಎಂದು ಬಿಡಿಸಿ ಹೇಳದಿದ್ದರೆ ಲಿಂಕ್ ಇದ್ದ ಜಾಗದಲ್ಲಿ ನಿಜವಾದ ಕಡತ ಬಂದು ಕೂರುತ್ತದೆ. ಎರಡು ವಾರ ನಾನು ಮಾಡಿದ ತಿದ್ದುಪಡಿಗಳೆಲ್ಲ ಆ ಒಂದೇ ಯಂತ್ರದಲ್ಲಿ ಉಳಿದಿದ್ದವು, ಗಿಟ್ ಮಾತ್ರ ಬದಲಾವಣೆ ಏನೂ ಇಲ್ಲವೆಂದು ಹೇಳುತ್ತಲೇ ಇತ್ತು. ಈಗ ಹೊಸ ಬದಲಾವಣೆಗಳನ್ನು ತರುವ (ಪುಲ್ ಮಾಡುವ) ಸ್ಕ್ರಿಪ್ಟ್‌ನ ಕೊನೆಗೆ, ಏನನ್ನೂ ಬದಲಿಸದೆ ಬರೀ ಅಣಕು ಓಟ ನಡೆಸುವ 'ಎನ್' ಆಯ್ಕೆಯೊಂದಿಗೆ ಸ್ಟೋವನ್ನು ಒಮ್ಮೆ ಓಡಿಸುತ್ತೇನೆ. ಎಲ್ಲಾದರೂ ಲಿಂಕ್ ಕಡಿದು ಕಡತ ಕುಳಿತಿದ್ದರೆ ಅದರ ದೂರು ಅಲ್ಲೇ ಟರ್ಮಿನಲ್‌ನಲ್ಲಿ ಕಾಣಿಸುತ್ತದೆ.