ಕ್ರಿಸ್ಟಲ್ ಪ್ಯಾಲೇಸ್ ಡೈನೋಸಾರ್‌ಗಳ ಹತ್ತಿರ ಜಿಯೋಕ್ಯಾಶ್ ಹುಡುಕುವಾಗ
ಜಿಯೋಕ್ಯಾಶ್ ಅಂದರೆ ಯಾರೋ ಬಚ್ಚಿಟ್ಟು, ಜಾಗದ ಅಂಕಿಗಳನ್ನು ಜಾಲತಾಣದ ಪುಟದಲ್ಲಿ ಹಾಕಿರುವ ಡಬ್ಬಿ; ಫೋನಿನ ಬಾಣ ಅದರ ದಿಕ್ಕು ತೋರಿಸುತ್ತದೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕಿನಲ್ಲಿ ಆ ಬಾಣದ ಹಿಂದೆ ಮರಗಳ ಕೆಳಗೆ ಸುಮ್ನೆ ಅಲೆಯಬೇಡಿ. ಆಕಾಶ ಚೆನ್ನಾಗಿ ಕಾಣುವ ಕಡೆ ಎರಡು ನಿಮಿಷ ನಿಂತು, ಬಾಣದ ನೇರಕ್ಕೆ ಏನಿದೆ ಅಂತ ನೋಡಿಕೊಳ್ಳಿ. 30 ಹೆಜ್ಜೆ ಪಕ್ಕಕ್ಕೆ ಹೋಗಿ ಮತ್ತೆ ಹಾಗೇ ಮಾಡಿ. ಎರಡು ನೇರಗಳೂ ಸೇರುವಲ್ಲಿ ಹುಡುಕಿ. ದಟ್ಟ ಎಲೆಗಳ ಕೆಳಗೆ ಉಪಗ್ರಹದ ಸಿಗ್ನಲ್ ಸೊರಗುತ್ತದೆ, ಕೊಂಬೆಗಳಿಗೆ ಬಡಿದು ಸುತ್ತಿ ಬರುತ್ತದೆ, ಅದಕ್ಕೇ ಬಾಣ ಹಾರಾಡುವುದು. ಗುರುತಿಗೆ ಪಾರ್ಕಿನ ಡೈನೋಸಾರ್ ಶಿಲ್ಪಗಳೇ ಸಾಕು. ಮೂಗಿನ ಮೇಲೆ ಕೊಂಬಿರುವ ಇಗ್ವಾನೊಡಾನ್ ದೂರದಿಂದಲೇ ಕಾಣುತ್ತದೆ (ಆ ಮೊನೆ ಹೆಬ್ಬೆರಳಿನದು ಅಂತ ತಿಳಿದದ್ದು ಆಮೇಲೆ, ಎಷ್ಟು ಚೆಂದ ಅಲ್ವಾ!). ನೇರಗಳು ಶಿಲ್ಪಗಳಿರುವ ದ್ವೀಪದ ಮೇಲೆ ಸೇರಿದರೆ ಲೆಕ್ಕ ತಪ್ಪಿದೆ ಅಂತಲೇ ತಿಳಿಯಿರಿ, ಬೇಲಿ ದಾಟಲೇಬೇಡಿ. ಇಟ್ಟಿಗೆ, ಸಿಮೆಂಟು, ಕಬ್ಬಿಣದ ಆ ಮೈಗಳು 1854ರಿಂದ ಮಳೆ ಚಳಿ ತಿಂದಿವೆ, ಒಂದು ಕಾಲ್ತುಳಿತವೂ ಜಾಸ್ತಿಯೇ. ಕಬ್ಬಿಣದ ಬೇಲಿಗೆ ಅಂಟಿ ನಿಂತರೆ ಮಾತ್ರ ಈ ಉಪಾಯ ಕೈಕೊಡುತ್ತದೆ, ಫೋನಿನ ದಿಕ್ಸೂಚಿ ಅತ್ತಿತ್ತ ತಿರುಗುತ್ತದೆ. ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಮಲ್ಟಿ ಕ್ಯಾಶ್ (ಹಂತ ಹಂತವಾಗಿ ಹುಡುಕುವ ಜಿಯೋಕ್ಯಾಶ್) ಆದರೆ ಪುಟದಲ್ಲಿರುವ ಅಂಕಿ ಮೊದಲ ಹಂತದ್ದಷ್ಟೇ, ಡಬ್ಬಿ ಅಲ್ಲಿರುವುದಿಲ್ಲ.